ಶಾಲೆಗೆ ಮುಂಚಿನ ಒಂದು ವರ್ಷ

(ತಿಕೋಟಾ ಮತ್ತು ಬಬಲೇಶ್ವರ ಭಾಗದ ಹಾಲು ಉತ್ಪಾದಕ ಸದಸ್ಯರಿಗಾಗಿ ವಿಜಯಪುರದಲ್ಲಿ ನಡೆದ ತರಬೇತಿಯಲ್ಲಿ ಪಶುವೈದ್ಯ ವಿಸ್ತರಣಾಧಿಕಾರಿಗಳು ಮಾಡಿದ ಭಾಷಣದ ಪಾಠ)



ಬೆಳಗಿನ ಅವಧಿಯಲ್ಲಿ ಕರು ಸಾಕಣೆಯ ವಿಷಯ ಮುಗಿಸಿದ್ದೇವೆ. ಗಿಣ್ಣದ ಹಾಲು, ಜಂತಿನ ಔಷಧಿ, ಕರುವಿನ ಹಿಂಡಿ, ಎಲ್ಲವನ್ನೂ ಬರೆದುಕೊಂಡಿದ್ದೀರಿ. ಮಧ್ಯಾಹ್ನದ ಈ ಅರ್ಧ ಗಂಟೆಯನ್ನು ನಿಮ್ಮ ಮನೆಯ ಐದು ವರ್ಷದ ಮಗುವಿಗಾಗಿ ಕೇಳಿ ಪಡೆದಿದ್ದೇನೆ. ದನದ ಡಾಕ್ಟರಿಗೆ ಮಕ್ಕಳ ಉಸಾಬರಿ ಏಕೆ ಎಂದು ಕೆಲವರಿಗೆ ಅನಿಸಬಹುದು. ಊರೂರು ತಿರುಗಿ ನಿಮ್ಮ ಕೊಟ್ಟಿಗೆಗೆ ಬರುವವನು ನಾನು. ಬೆಳಿಗ್ಗೆ ಹತ್ತು ಗಂಟೆಯ ಮೇಲೆ ಅಲ್ಲಿ ಯಾರಿರುತ್ತಾರೆ ಎಂಬುದು ನನ್ನ ಕಣ್ಣಿಗೆ ಬೀಳುತ್ತದೆ.

ದೊಡ್ಡ ಮಕ್ಕಳು ಶಾಲೆಗೆ ಹೋಗಿರುತ್ತಾರೆ. ತಾಯಿ ಡೇರಿಗೆ ಹಾಲು ಹಾಕಿ, ಬುತ್ತಿ ಕಟ್ಟಿಕೊಂಡು ಹೊಲಕ್ಕೋ ದ್ರಾಕ್ಷಿ ತೋಟಕ್ಕೋ ಹೋಗಿರುತ್ತಾಳೆ. ಉಳಿದಿರುವುದು ಅಜ್ಜಿ ಮತ್ತು ಐದು ವರ್ಷದ ಕೂಸು. ಶಾಲೆಗೆ ಇನ್ನೂ ವಯಸ್ಸಾಗಿಲ್ಲ, ಅಂಗನವಾಡಿಗೆ ದೊಡ್ಡದಾಯಿತು ಎಂಬುದು ಮನೆಯವರ ಮಾತು. ಆ ಕೂಸು ಕಣಿಕೆ ಎಳೆದು ಹಾಕುತ್ತದೆ, ಕರುವಿನ ಹಗ್ಗ ಹಿಡಿಯುತ್ತದೆ.

ತಿಕೋಟಾ ಕಡೆಯ ಒಂದು ಹಳ್ಳಿಗೆ ಎಮ್ಮೆಗೆ ಬೀಜ ಕೊಡಲು ಹೋಗಿದ್ದಾಗ ಕಂಕುಳಲ್ಲಿ ತಮ್ಮನನ್ನು ಎತ್ತಿಕೊಂಡ ಒಬ್ಬ ಹುಡುಗಿ ನನ್ನ ಪೆಟ್ಟಿಗೆಯನ್ನೇ ನೋಡುತ್ತ ನಿಂತಿದ್ದಳು. "ಅಂಗನವಾಡಿಗಿ ಹೋಗಂಗಿಲ್ಲೇನವ್ವಾ?" ಎಂದೆ. ಉತ್ತರ ಕೊಟ್ಟಿದ್ದು ಅಜ್ಜಿ: "ಇಕಿ ಹ್ವಾದ್ರ ಕೂಸಿನ್ನ ಹಿಡಿಯಾವ್ರು ಯಾರ‍್ರೀ ಸಾಹೇಬ್ರ? ನನಗ ಮೊಣಕಾಲ ಬ್ಯಾನಿ." ಅಜ್ಜಿಯ ಮಾತು ಸುಳ್ಳಲ್ಲ. ಇಂಥ ಮನೆಗಳಿಗೆಂದೇ 2023ರಿಂದೀಚೆಗೆ ಕೆಲವು ಗ್ರಾಮ ಪಂಚಾಯತಿಗಳಲ್ಲಿ "ಕೂಸಿನ ಮನೆ" ಆರಂಭವಾಗಿದೆ. ದುಡಿಯಲು ಹೋಗುವ ತಾಯಂದಿರ ಚಿಕ್ಕ ಮಕ್ಕಳನ್ನು ಅಲ್ಲಿ ನೋಡಿಕೊಳ್ಳುತ್ತಾರೆ. ನಿಮ್ಮ ಪಂಚಾಯತಿಯಲ್ಲಿ ಇದೆಯೇ ಎಂದು ವಿಚಾರಿಸಿರಿ. ಇಲ್ಲದಿದ್ದರೆ ಗ್ರಾಮಸಭೆಯಲ್ಲಿ ಕೇಳಿರಿ. ತಮ್ಮನಿಗೆ ಮೂರು ತುಂಬಿದ್ದರೆ ಅಕ್ಕನ ಜೊತೆಗೇ ಅಂಗನವಾಡಿಗೆ ಕಳಿಸಬಹುದು.

ಈಗ ಕಾಯ್ದೆಯ ಮಾತು. 2009ರ ಶಿಕ್ಷಣ ಹಕ್ಕು ಕಾಯ್ದೆಯಂತೆ 6ರಿಂದ 14 ವರ್ಷದ ಮಗುವಿಗೆ ಉಚಿತ ಶಿಕ್ಷಣ ಹಕ್ಕು. ಅದೇ ಕಾಯ್ದೆಯ 11ನೇ ಕಲಮಿನಲ್ಲಿ 3ರಿಂದ 6 ವರ್ಷದ ಮಕ್ಕಳಿಗೆ ಸರ್ಕಾರ ಉಚಿತ ಶಾಲಾಪೂರ್ವ ಶಿಕ್ಷಣದ ವ್ಯವಸ್ಥೆ "ಮಾಡಬಹುದು" ಎಂದಿದೆ, "ಮಾಡಲೇಬೇಕು" ಎಂದಿಲ್ಲ. ಆರು ತುಂಬಿದ ಮಗುವನ್ನು ಹುಡುಕಿಕೊಂಡು ಮಾಸ್ತರರು ಮನೆಗೆ ಬರುತ್ತಾರೆ. ಐದರ ಮಗುವಿನ ವರ್ಷ ಹೇಗೆ ಕಳೆಯಬೇಕು ಎಂಬುದು ತಂದೆತಾಯಿಯ ತಿಳುವಳಿಕೆಗೆ ಬಿಟ್ಟದ್ದು. ಒಂದನೇ ತರಗತಿಗೆ ಜೂನ್ 1ಕ್ಕೆ 6 ವರ್ಷ ತುಂಬಿರಬೇಕೆಂದು ನಮ್ಮ ರಾಜ್ಯ ಸರ್ಕಾರ 2022ರಲ್ಲಿ ಆದೇಶಿಸಿತು. 2025-26ನೇ ಸಾಲಿಗೆ ಅದನ್ನು 5 ವರ್ಷ 5 ತಿಂಗಳಿಗೆ ಸಡಿಲಿಸಿತು. ಪ್ರವೇಶಕ್ಕೆ ಮುಂಚೆ ಆಯಾ ವರ್ಷದ ನಿಯಮವನ್ನು ಮುಖ್ಯಗುರುಗಳಲ್ಲಿ ಕೇಳಿಕೊಳ್ಳಿರಿ. ಮಗುವನ್ನು ಇನ್ನೊಂದು ವರ್ಷ ಕಾಯಿಸಬೇಕಾಗಿ ಬಂದರೆ ಆ ವರ್ಷ ಕೊಟ್ಟಿಗೆಯಲ್ಲಿ ಕಳೆಯಬಾರದು. ಇಷ್ಟನ್ನು ಹೇಳಲೆಂದೇ ನಾನು ನಿಂತಿದ್ದೇನೆ.

ಅಂಗನವಾಡಿ ನಮಗೆ ಹೊಸದಲ್ಲ. ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಆರಂಭವಾಯಿತು. ಕರ್ನಾಟಕದಲ್ಲಿ ಮೊದಲು ಬಂದದ್ದು ಮೈಸೂರು ಜಿಲ್ಲೆಯ ಟಿ. ನರಸೀಪುರಕ್ಕೆ. ಅದಕ್ಕೂ ಮೊದಲಿನ ಒಂದು ಸಂಗತಿ ದನ ಕಟ್ಟಿದವರು ಕೇಳುವಂಥದ್ದು. ಮಹಾರಾಷ್ಟ್ರದ ಡಹಾಣು ಹತ್ತಿರದ ಕೋಸಬಾಡದಲ್ಲಿ ತಾರಾಬಾಯಿ ಮೋಡಕ್ ಮತ್ತು ಅನುತಾಯಿ ವಾಘ್ ಎಂಬ ಇಬ್ಬರು ತಾಯಂದಿರು ಆದಿವಾಸಿ ಮಕ್ಕಳಿಗಾಗಿ ಕೆಲಸ ಮಾಡಿದರು. ಮಕ್ಕಳು ಶಾಲೆಗೆ ಬರಲಿಲ್ಲ. ಆಗ ಇವರೇ ಮನೆಯ ಅಂಗಳಕ್ಕೆ ಹೋಗಿ ಕಲಿಸಿದರು. ದನ ಕಾಯುವ ಮಕ್ಕಳಿಗಾಗಿ ಹುಲ್ಲುಗಾವಲಿನಲ್ಲೇ ಶಾಲೆ ನಡೆಸಿದರು. ದನದ ಹಿಂದೆ ಹೋಗುವ ಮಗು ಎಲ್ಲ ಕಾಲದಲ್ಲೂ ಇತ್ತು. ಅದರ ಹಿಂದೆ ಹೋಗುವ ಗುರು ಸಿಗುವುದು ಅಪರೂಪ.

ಅಂಗನವಾಡಿಯಲ್ಲಿ ಅನ್ನ ತಿಂದು ಬರುತ್ತಾರೆ, ಕಲಿಯುವುದೇನಿದೆ ಎಂದು ಕೇಳುತ್ತೀರಿ. ಹಾಡು, ಕಥೆ, ಬಣ್ಣ, ಎಣಿಕೆ, ಸಾಲಾಗಿ ಕೂರುವುದು, ತನ್ನ ಸರದಿ ಕಾಯುವುದು, ಇದೆಲ್ಲ ಕಲಿಕೆಯೇ. ಇದಕ್ಕಾಗಿ ನಮ್ಮ ರಾಜ್ಯದಲ್ಲಿ "ಚಿಲಿಪಿಲಿ" ಎಂಬ ಚಟುವಟಿಕೆ ಪುಸ್ತಕವಿದೆ. ಇವುಗಳಲ್ಲಿ ಮಾತಿಗೇ ನಾನು ಹೆಚ್ಚು ಬೆಲೆ ಕೊಡುತ್ತೇನೆ. ನಮ್ಮ ತಾಂಡಾಗಳ ಮಗು ಮನೆಯಲ್ಲಿ ಲಂಬಾಣಿ ಮಾತನಾಡುತ್ತದೆ, ವಿಜಯಪುರ ಶಹರದ ಎಷ್ಟೋ ಮನೆಗಳಲ್ಲಿ ಉರ್ದು ಇದೆ. ಇಂಥ ಮಗು ನೇರವಾಗಿ ಒಂದನೇ ತರಗತಿಗೆ ಹೋದರೆ ಕನ್ನಡ ಮತ್ತು ಅಕ್ಷರ ಎರಡೂ ಒಮ್ಮೆಗೇ ಮೇಲೆ ಬೀಳುತ್ತವೆ. ಅಂಗನವಾಡಿಯಲ್ಲಿ ಒಂದು ವರ್ಷ ಆಡುತ್ತ ಆಡುತ್ತ ಕನ್ನಡ ಬಂದಿದ್ದರೆ ಅರ್ಧ ಭಾರ ಇಳಿದ ಹಾಗೆ. ಕಬ್ಬು ಕಡಿಯಲು ಊರು ಬಿಡುವ ಕುಟುಂಬಗಳು ಹೋಗುವ ಮುಂಚೆ ಕಾರ್ಯಕರ್ತೆಗೆ ತಿಳಿಸಿದರೆ ಮಗುವಿನ ಹೆಸರನ್ನು ಇನ್ನೊಂದು ಕೇಂದ್ರಕ್ಕೆ ವರ್ಗಾಯಿಸಲು ಅವಕಾಶವಿದೆ.

ಇನ್ನು ಹಾಲು. 2013ರ ಆಗಸ್ಟ್ 1ರಂದು ರಾಜ್ಯದಲ್ಲಿ ಕ್ಷೀರಭಾಗ್ಯ ಆರಂಭವಾಯಿತು. ಸಂಘಗಳಲ್ಲಿ ಹೆಚ್ಚಾದ ಹಾಲನ್ನು ಪುಡಿ ಮಾಡಿ, ಆ ಪುಡಿಯಿಂದ ಶಾಲೆ ಮತ್ತು ಅಂಗನವಾಡಿಯ ಮಗುವಿಗೆ 150 ಮಿ.ಲೀ. ಹಾಲು ಕಾಯಿಸಿ ಕೊಡುವ ಯೋಜನೆ. ನೀವು ನಸುಕಿನಲ್ಲೆದ್ದು ಹಿಂಡಿದ ಹಾಲೇ ಅದು. ಮನೆಯಲ್ಲಿ ಎರಡು ಎಮ್ಮೆ ಇದ್ದರೂ ಮಗುವಿಗೆ ಕರಿ ಚಹಾ ಕೊಟ್ಟು ಹಾಲನ್ನೆಲ್ಲ ಡೇರಿಗೆ ಹಾಕುವ ಮನೆಗಳನ್ನು ನಾನು ಬಲ್ಲೆ. ಹೆಸರು ಹೇಳುವುದಿಲ್ಲ, ನಗುತ್ತಿರುವವರಿಗೆ ಗೊತ್ತು! ಮನೆಯಲ್ಲೂ ಒಂದು ಲೋಟ ಉಳಿಸಿರಿ, ಆದರೆ ಕಾಯಿಸಿ ಕೊಡಿರಿ. ಹಸಿ ಹಾಲಿನಿಂದ ಕಂದುರೋಗ ಮನುಷ್ಯರಿಗೂ ಬರುತ್ತದೆ.

ಇನ್ನೊಂದು ಬದಿಗೆ ಹಳದಿ ವ್ಯಾನುಗಳಿವೆ. ತಿಕೋಟಾ, ಬಬಲೇಶ್ವರದ ಸುತ್ತಲಿನ ಹಳ್ಳಿಗಳಿಂದ ನಾಲ್ಕು ವರ್ಷದ ಮಕ್ಕಳು ಟೈ ಕಟ್ಟಿಕೊಂಡು ಶಹರಕ್ಕೆ ಹೋಗುತ್ತಾರೆ. ಖಾಸಗಿ ಶಾಲೆ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ನಿಮ್ಮ ದುಡ್ಡು, ನಿಮ್ಮ ಮಗು. ಆದರೆ ಲೆಕ್ಕ ಹಾಕಿ ನೋಡಿರಿ. ಒಂದು ಎಮ್ಮೆಯ ಬಟವಾಡೆಯಲ್ಲಿ ಹಿಂಡಿಯ ಖರ್ಚು ಕಳೆದು ಉಳಿದದ್ದೆಲ್ಲ ಫೀ ಮತ್ತು ವ್ಯಾನಿನ ಬಾಡಿಗೆಗೆ ಹೋದರೆ ಆ ಎಮ್ಮೆ ದುಡಿದದ್ದು ಯಾರಿಗೆ? ದಾರಿಯಲ್ಲೇ ಎರಡು ತಾಸು ಕಳೆದ ಮಗು ಮನೆಗೆ ಬಂದು ಅರ್ಥವಾಗದ ಇಂಗ್ಲಿಷ್ ಪದ್ಯ ಒಪ್ಪಿಸುತ್ತದೆ. ನಾಲ್ಕೈದು ವರ್ಷದ ಮಗುವಿಗೆ ತನಗೆ ತಿಳಿಯುವ ಮಾತಿನಲ್ಲಿ ಆಟವಾಡಿಸುವವರು ಬೇಕು. ಕೆಲವು ಕರ್ನಾಟಕ ಪಬ್ಲಿಕ್ ಶಾಲೆಗಳಲ್ಲೂ ಎಲ್.ಕೆ.ಜಿ., ಯು.ಕೆ.ಜಿ. ಇವೆ. ಹತ್ತಿರವಿದ್ದರೆ ಅಲ್ಲಿಯೂ ವಿಚಾರಿಸಬಹುದು.

ಈ ವಯಸ್ಸಿನ ಕಲಿಕೆಯಿಂದ ನಿಜವಾಗಿ ಉಪಯೋಗವಿದೆಯೇ? ಪಶು ಆಹಾರವನ್ನು ಎರಡು ಗುಂಪು ಮಾಡಿ ಪರೀಕ್ಷಿಸುವಂತೆ ಅಮೆರಿಕದ ಮಿಶಿಗನ್ ರಾಜ್ಯದ ಒಂದು ಊರಿನಲ್ಲಿ 1962ರಲ್ಲಿ ಆರಂಭಿಸಿ 123 ಬಡ ಮಕ್ಕಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಶಾಲಾಪೂರ್ವ ಶಿಕ್ಷಣ ಕೊಟ್ಟರು, ಇನ್ನೊಂದಕ್ಕೆ ಇಲ್ಲ. ಅವರಿಗೆ 40 ವರ್ಷವಾಗುವವರೆಗೂ ಹಿಂದೆ ಬಿದ್ದು ನೋಡಿದರು. ಬುದ್ಧಿ ಪರೀಕ್ಷೆಯಲ್ಲಿ ಮೊದಲು ಕಂಡ ವ್ಯತ್ಯಾಸ ಕೆಲವು ವರ್ಷಗಳಲ್ಲಿ ಅಳಿಸಿಹೋಯಿತು. ಆದರೂ ಕಲಿತ ಗುಂಪಿನವರಲ್ಲಿ ಶಾಲೆ ಮುಗಿಸಿದವರು, ಕೆಲಸದಲ್ಲಿ ನಿಂತವರು ಹೆಚ್ಚಿದ್ದರು. ಪೊಲೀಸರ ಕೈಗೆ ಸಿಕ್ಕವರು ಕಡಿಮೆ. ಒಂದು ಮಾತು ಮರೆಯಬಾರದು: ಅಲ್ಲಿ ಒಬ್ಬ ಗುರುವಿಗೆ ಕೆಲವೇ ಮಕ್ಕಳಿದ್ದರು. ನಮ್ಮ ಕಾರ್ಯಕರ್ತೆ ಗರ್ಭಿಣಿಯರ ದಾಖಲೆ, ತೂಕದ ನೋಂದಣಿ, ಸರ್ವೆ, ಮೊಬೈಲಿನ ಲೆಕ್ಕ ಎಲ್ಲವನ್ನೂ ಮಾಡಿ ಉಳಿದ ಹೊತ್ತಿನಲ್ಲಿ ಪಾಠ ಹೇಳಬೇಕು. ಎಲ್ಲ ಕೇಂದ್ರಗಳೂ ಚೆನ್ನಾಗಿವೆ ಎಂದು ನಾನು ಹೇಳಿದರೆ ನೀವು ನಂಬುವುದಿಲ್ಲ, ನಂಬಲೂಬಾರದು.

ಅದಕ್ಕೇ ಹೋಗಿ ನೋಡಿರಿ. ಡೇರಿಯಲ್ಲಿ ಫ್ಯಾಟಿನ ಒಂದು ಪಾಯಿಂಟು ಕಡಿಮೆ ಬಂದರೆ ಕಾರ್ಯದರ್ಶಿಯನ್ನು ಬಿಡದೆ ಕೇಳುವವರು ನೀವು. ಅಂಗನವಾಡಿಗೆ ಹೋಗಿ ಇವತ್ತು ಹಾಲು ಕಾಯಿಸಿದ್ದೀರಾ, ಯಾವ ಕಥೆ ಹೇಳಿದಿರಿ, ಮಾಳಿಗೆ ಸೋರುತ್ತದೆಯೇ ಎಂದು ಎಷ್ಟು ಜನ ಕೇಳಿದ್ದೀರಿ? ಪ್ರತಿ ಕೇಂದ್ರಕ್ಕೂ ಬಾಲವಿಕಾಸ ಸಮಿತಿ ಇದೆ, ಅದರಲ್ಲಿ ತಾಯಂದಿರೇ ಸದಸ್ಯರು. ಸಂಘದ ಮಹಿಳಾ ಸದಸ್ಯರು ಅದರ ಸಭೆಗೆ ಹೋಗಬೇಕು. ಕೇಂದ್ರಕ್ಕೆ ಬೀಗ ಬಿದ್ದಿದ್ದರೆ ವಲಯದ ಮೇಲ್ವಿಚಾರಕಿಗೆ, ಅಲ್ಲಿ ಆಗದಿದ್ದರೆ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳಿಗೆ ಬರೆದು ಕೊಡಿರಿ. ಸಂಘದ ಆಡಳಿತ ಮಂಡಳಿಯೂ ಒಂದು ಠರಾವು ಮಾಡಿ ಕಳಿಸಬಹುದು.

ಕಾಲುಬಾಯಿ ಬೇನೆಯ ಲಸಿಕೆಗೆ ನಮ್ಮ ಸಿಬ್ಬಂದಿ ಊರಿಗೆ ಬಂದಾಗ ದನ ಹಿಡಿಯಲು ಮನೆಯ ದೊಡ್ಡವರೇ ಇರಬೇಕು. ದಿನಾಂಕವನ್ನು ಸಂಘದ ಫಲಕದಲ್ಲಿ ಬರೆಸುತ್ತೇವೆ.