ಮಣ್ಣು ಒಣಗಿದೆಯಾ, ನೋಡಿ ಹೇಳು!

ಹೊಳಲ್ಕೆರೆಯ ಅಡಿಕೆ ತೋಟವಿರಲಿ, ಹೊಸದುರ್ಗದ ತೆಂಗಿನ ತೋಟವಿರಲಿ, ಬೋರ್‌ವೆಲ್ ಪಕ್ಕದಲ್ಲಿ ಒಂದು ಸ್ಟಾರ್ಟರ್ ಡಬ್ಬಿ ಇದ್ದೇ ಇರುತ್ತದೆ. ಎಷ್ಟೋ ಕಡೆ ಈಗ ಅದಕ್ಕೆ ಮೊಬೈಲ್ ಸ್ಟಾರ್ಟರ್ ಜೋಡಿಸಿದ್ದಾರೆ. ನಡುರಾತ್ರಿ ತ್ರೀಫೇಸ್ ಕರೆಂಟ್ ಬಂತೆಂದು ಅಪ್ಪ ಟಾರ್ಚ್ ಹಿಡಿದು ತೋಟಕ್ಕೆ ಓಡಬೇಕಿಲ್ಲ. ಮನೆಯಿಂದಲೇ ಫೋನ್ ಮಾಡಿದರೆ ಮೋಟಾರ್ ಶುರುವಾಗುತ್ತದೆ. ಮೂರೂ ಫೇಸ್ ಸರಿಯಾಗಿವೆ, ಈಗ ಓಡಿಸಬಹುದು ಎಂದು ಅಲ್ಲಿ ತೀರ್ಮಾನಿಸುವವರು ಯಾರು? ಡಬ್ಬಿಯೊಳಗೆ ಕೂತಿರುವ ಪುಟ್ಟ ಕಪ್ಪು ಚಿಪ್. ಅದೇ ಮೈಕ್ರೋಕಂಟ್ರೋಲರ್.

ಇದೂ ಕಂಪ್ಯೂಟರೇ ಮಕ್ಕಳೇ. ಸಿನಿಮಾ ತೋರಿಸುವುದಿಲ್ಲ, ಆಟ ಆಡಿಸುವುದಿಲ್ಲ ಅಷ್ಟೆ. ಒಂದು ಸಣ್ಣ ಕೆಲಸ ಹಿಡಿದು, ಹಗಲು ರಾತ್ರಿ ಬೇಸರಪಡದೆ ಅದನ್ನೇ ಮಾಡುತ್ತಿರುತ್ತದೆ. ವಾಷಿಂಗ್ ಮೆಷಿನ್‌ನಲ್ಲೂ ಟಿವಿ ರಿಮೋಟಿನಲ್ಲೂ ಇದರ ಅಣ್ಣತಮ್ಮಂದಿರೇ ಇದ್ದಾರೆ.

ಈ ಚಿಪ್‌ಗೆ ಕೆಲಸ ಹೇಳಿಕೊಡಲು ಬಹುಕಾಲ ಸಿ ಥರದ ಭಾಷೆಗಳೇ ಬೇಕಿದ್ದವು. ಒಂದು ಚಿಹ್ನೆ ಬಿಟ್ಟುಹೋದರೂ ಕಾರ್ಯಕ್ರಮ ಮುಂದೆ ಹೋಗದು. ಪೈಥಾನ್ ಓದಲು ಅವಕ್ಕಿಂತ ಸುಲಭ. ಗೀಡೊ ವಾನ್ ರೋಸಮ್ ಎಂಬ ನೆದರ್ಲೆಂಡ್ಸ್‌ನವರು 1991ರಲ್ಲಿ ಅದನ್ನು ಹೊರತಂದರು. ಆದರೆ ಅದಕ್ಕೆ ದೊಡ್ಡ ಕಂಪ್ಯೂಟರಿನಷ್ಟು ಜಾಗ ಬೇಕಿತ್ತು. 2013ರಲ್ಲಿ ಡೇಮಿಯನ್ ಜಾರ್ಜ್ ಎಂಬ ಆಸ್ಟ್ರೇಲಿಯಾದ ಭೌತವಿಜ್ಞಾನಿ ಅದನ್ನೇ ಪುಟ್ಟ ಚಿಪ್‌ನಲ್ಲಿ ಕೂರುವಂತೆ ಹೊಸದಾಗಿ ಬರೆಯಲು ಹೊರಟರು. ಅದರ ಹೆಸರು ಮೈಕ್ರೋಪೈಥಾನ್. 2021ರಲ್ಲಿ ಬಂದ ರಾಸ್ಪ್‌ಬೆರಿ ಪೈ ಪಿಕೊ ಎಂಬ ಅಗ್ಗದ ಬೋರ್ಡಿನಲ್ಲಿ ಕೆಲಸದ ಮೆಮೊರಿ ಇರುವುದು 264 ಕೆಬಿ ಮಾತ್ರ. ನಿಮ್ಮ ಮೊಬೈಲ್‌ನಲ್ಲಿ ತೆಗೆದ ಒಂದು ಫೋಟೋ ಕೂಡ ಅದರಲ್ಲಿ ಹಿಡಿಸದು. ಮೈಕ್ರೋಪೈಥಾನ್ ಮಾತ್ರ ಆರಾಮವಾಗಿ ಓಡುತ್ತದೆ! ಒಂದು ಸಾಲು ಟೈಪ್ ಮಾಡಿ ಎಂಟರ್ ಒತ್ತಿದರೆ ಬೋರ್ಡಿನ ದೀಪ ಆಗಲೇ ಹೊತ್ತಿಕೊಳ್ಳುತ್ತದೆ. ಕಲಿಯುವವರಿಗೆ ಇದಕ್ಕಿಂತ ದೊಡ್ಡ ಅನುಕೂಲ ಇನ್ನೊಂದಿಲ್ಲ ಎಂದು ನನಗನ್ನಿಸುತ್ತದೆ.

ದೀಪ ಮಿನುಗಿಸುವ ಆಟ ಒಂದು ಗಂಟೆಗೆ ಸಾಕು. ಮುಂದೆ ತೋಟಕ್ಕೆ ಹೋಗೋಣ. ಮಣ್ಣಿನ ತೇವ ಅಳೆಯುವ ಸೆನ್ಸರ್‌ಗಳು ಸಿಗುತ್ತವೆ. ಕೊಳ್ಳುವಾಗ ಎರಡು ಬರಿಯ ಲೋಹದ ಕಾಲಿರುವುದನ್ನು ಬಿಡಿ; ಒದ್ದೆ ಮಣ್ಣಿನಲ್ಲಿ ಕರೆಂಟ್ ಹರಿದು ಹರಿದು ಆ ಕಾಲುಗಳು ಸವೆದುಹೋಗುತ್ತವೆ. ಲೋಹವೆಲ್ಲ ಒಳಗೆ ಮುಚ್ಚಿಕೊಂಡಿರುವ ಕೆಪಾಸಿಟಿವ್ ಸೆನ್ಸರ್ ಆಗಬೇಕು. ಅದನ್ನು ಮಣ್ಣಿಗೆ ಚುಚ್ಚಿ, ಪಿಕೊಗೆ ಜೋಡಿಸಿ ಓದಿದರೆ 0ಯಿಂದ 65535ರೊಳಗೆ ಒಂದು ಸಂಖ್ಯೆ ಬರುತ್ತದೆ. ತೇವ ಹೆಚ್ಚಾದಷ್ಟೂ ಈ ಸಂಖ್ಯೆ ಇಳಿಯುತ್ತದೆ, ಏರುವುದಿಲ್ಲ. ಮೊದಲ ಸಲ ನೋಡಿದವರೆಲ್ಲ ಇಲ್ಲಿ ತಬ್ಬಿಬ್ಬಾಗುತ್ತಾರೆ.

ನಾವು ಬರೆಯುವ ಕಾರ್ಯಕ್ರಮ ಇಷ್ಟೇ: ತೇವ ಓದು. ಸಂಖ್ಯೆ 50000 ದಾಟಿದರೆ ಕೆಂಪು ದೀಪ ಹಚ್ಚು. ಇಲ್ಲದಿದ್ದರೆ ಆರಿಸು. ಹತ್ತು ಸೆಕೆಂಡು ಸುಮ್ಮನಿರು. ಮತ್ತೆ ಮೊದಲಿನಿಂದ ಶುರುಮಾಡು. ಪೈಥಾನ್‌ನಲ್ಲೂ ಹೆಚ್ಚುಕಡಿಮೆ ಇಷ್ಟೇ ಸಾಲು. ಷರತ್ತಿನ ಕೆಳಗಿನ ಸಾಲುಗಳನ್ನು ಸ್ವಲ್ಪ ಒಳಕ್ಕೆ ಸರಿಸಿ ಬರೆಯುವುದನ್ನು ಮರೆತರೆ ಅದು ಮುನಿಸಿಕೊಳ್ಳುತ್ತದೆ.

"ಹೀಗಾದರೆ ಹಾಗೆ" ಎಂಬ ಈ ಷರತ್ತು ಹಿರಿಯೂರಿನ ಮಕ್ಕಳಿಗೆ ಹೊಸದಲ್ಲ. ವೇದಾವತಿ ನದಿಗೆ ಅಡ್ಡಲಾಗಿ ಮಾರಿಕಣಿವೆಯಲ್ಲಿ ಕಟ್ಟಿದ ವಾಣಿವಿಲಾಸ ಸಾಗರ ಅಣೆಕಟ್ಟು ಮುಗಿದದ್ದು 1907ರಲ್ಲಿ. ನೀರು 130 ಅಡಿ ದಾಟಿದರೆ ಕೋಡಿ ಬೀಳಬೇಕು, ಇಲ್ಲದಿದ್ದರೆ ಇಲ್ಲ. 1933ರಲ್ಲಿ ಒಮ್ಮೆ ಕೋಡಿ ಬಿತ್ತು. ಮತ್ತೆ ಬಿದ್ದದ್ದು 2022ರಲ್ಲಿ! ಅಷ್ಟು ವರ್ಷವೂ ಆ ಷರತ್ತು ತಪ್ಪದೆ ಕಾಯುತ್ತಲೇ ಇತ್ತು.

ಸರಿ, ಆ 50000 ಎಲ್ಲಿಂದ ಬಂತು? ನಾನು ಸುಮ್ಮನೆ ಹಾಕಿದ್ದು. ನಿಮ್ಮ ತೋಟದ ಸಂಖ್ಯೆ ಬೇರೆ. ಎರೆಮಣ್ಣು ನೀರನ್ನು ಬಹಳ ಹೊತ್ತು ಹಿಡಿದಿಡುತ್ತದೆ, ಕೆಂಪು ಮರಳುಮಣ್ಣು ಬೇಗ ಬಿಟ್ಟುಕೊಡುತ್ತದೆ. ಹಾಗಾಗಿ ಹಿರಿಯೂರಿನ ಎರೆ ಹೊಲದ ಸಂಖ್ಯೆಯನ್ನು ಹೊಸದುರ್ಗದ ಕೆಂಪು ನೆಲಕ್ಕೆ ತಂದರೆ ಲೆಕ್ಕ ತಪ್ಪುತ್ತದೆ. ಸರಿಯಾದ ಸಂಖ್ಯೆ ಯಾವ ಪುಸ್ತಕದಲ್ಲೂ ಇಲ್ಲ, ಪೈಥಾನ್‌ಗೂ ತಿಳಿಯದು. ಅಜ್ಜನನ್ನು ತೋಟಕ್ಕೆ ಕರೆದುಕೊಂಡು ಹೋಗಿ. ಅವರು ಬುಡದ ಮಣ್ಣನ್ನು ಹಿಡಿಯಷ್ಟು ತೆಗೆದು ಹಿಸುಕಿ ನೋಡಿ, "ಈಗ ನೀರು ಬಿಡಬೇಕು" ಅನ್ನುತ್ತಾರಲ್ಲ, ಆ ಗಳಿಗೆಯಲ್ಲಿ ಸೆನ್ಸರ್ ತೋರಿಸಿದ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. "ಸಾಕು, ನಿಲ್ಲಿಸು" ಅಂದಾಗಿನದನ್ನೂ ಬರೆದುಕೊಳ್ಳಿ.

ಎರಡು ಸಂಖ್ಯೆ ಏಕೆ? ಒಂದೇ ಆದರೆ ಓದಿಕೆ 49990, 50010, ಮತ್ತೆ 49980 ಎಂದು ಅತ್ತಿತ್ತ ಹೊಯ್ದಾಡುವಾಗ ದೀಪ ಆರಿ ಹತ್ತಿ ಆರುತ್ತದೆ. ದೀಪವಾದರೆ ಪರವಾಗಿಲ್ಲ, ಮೋಟಾರ್ ಆದರೆ ಸುಟ್ಟೇಹೋದೀತು. ಮೇಲಿನ ಸಂಖ್ಯೆ ದಾಟಿದಾಗ ಹಚ್ಚು, ಕೆಳಗಿನದಕ್ಕೆ ಇಳಿದಾಗ ಆರಿಸು, ನಡುವೆ ಇದ್ದರೆ ಇದ್ದಹಾಗೇ ಬಿಡು ಎಂದರೆ ಈ ಚಡಪಡಿಕೆ ನಿಲ್ಲುತ್ತದೆ. ಎಂಜಿನಿಯರುಗಳು ಇದನ್ನು ಹಿಸ್ಟೆರಿಸಿಸ್ ಎನ್ನುತ್ತಾರೆ. ಮನೆಯ ಫ್ರಿಜ್ಜೂ ಹೀಗೇ ನಡೆಯುತ್ತದೆ.

ಮೋಟಾರಿನ ಮಾತು ಬಂದದ್ದರಿಂದ ಹೇಳಿಬಿಡುತ್ತೇನೆ: ಪಿಕೊ ನಡೆಯುವುದು 3.3 ವೋಲ್ಟಿನಲ್ಲಿ, ಬೋರ್‌ವೆಲ್ ಮೋಟಾರಿಗೆ ಬರುವುದು ಸುಮಾರು 400 ವೋಲ್ಟ್. ಸ್ಟಾರ್ಟರ್ ಡಬ್ಬಿಗೆ ಕೈ ಹಾಕಲೇಬೇಡಿ. ದೀಪ ಹತ್ತಲಿ, ಬಜರ್ ಕೂಗಲಿ, ಮೋಟಾರ್ ಶುರುಮಾಡುವ ಕೆಲಸ ದೊಡ್ಡವರದು.

ಬೋರ್ಡು ಕೊಳ್ಳುವ ಮೊದಲು ಶಾಲೆಯಲ್ಲಿ ವಿಚಾರಿಸಿ. ನೀತಿ ಆಯೋಗ 2016ರಲ್ಲಿ ಶುರುಮಾಡಿದ ಅಟಲ್ ಟಿಂಕರಿಂಗ್ ಲ್ಯಾಬ್‌ಗಳಿರುವುದು 6ರಿಂದ 12ನೇ ತರಗತಿಯ ಮಕ್ಕಳಿಗಾಗಿಯೇ. ನಿಮ್ಮ ಶಾಲೆಯಲ್ಲಿ ಅಂಥದೊಂದಿದ್ದು ಬಾಗಿಲಿಗೆ ಬೀಗ ಬಿದ್ದಿದ್ದರೆ, ನಾಳೆಯೇ ಹೋಗಿ ವಿಜ್ಞಾನದ ಮೇಷ್ಟ್ರ ಹತ್ತಿರ ಬೀಗದ ಕೈ ಕೇಳಿ.