ನಿಧಾನವಾಗಿ ಓಡಲು ನಾಚಿಕೆ ಬೇಡ

(ಮಹಿಳಾ ವಿಭಾಗದ ಆರೋಗ್ಯ ಕಾರ್ಯಕ್ರಮದಲ್ಲಿ ಮಾಡಿದ ಭಾಷಣ)



ಜನವರಿಯ ಮುಂಬಯಿ ಮ್ಯಾರಥಾನ್‌ಗೆ ಈ ಸಲ ನಮ್ಮಲ್ಲಿ ಹಲವರು ಹೆಸರು ಕೊಟ್ಟಿದ್ದೀರಿ. ಕೆಲವರು 10 ಕಿಲೋಮೀಟರಿಗೆ, ಕೆಲವರು 21 ಕಿಲೋಮೀಟರಿನ ಹಾಫ್ ಮ್ಯಾರಥಾನಿಗೆ. ಬಹಳ ಸಂತೋಷ. ಒಲಿಂಪಿಕ್ಸ್‌ನಲ್ಲಿ ಮಹಿಳೆಯರ ಮ್ಯಾರಥಾನ್ ಶುರುವಾದದ್ದೇ 1984ರಲ್ಲಿ. ಇಲ್ಲಿ ಕುಳಿತ ಅನೇಕರು ಆಗಲೇ ಹುಟ್ಟಿದ್ದೆವು!

ನೀವೆಲ್ಲ ಕೇಳುವ ಪ್ರಶ್ನೆ ಒಂದೇ: "ವೇಗ ಹೆಚ್ಚಿಸಬೇಕಾ, ದೂರ ಹೆಚ್ಚಿಸಬೇಕಾ?" ಎರಡೂ ಬೇಕು. ಆದರೆ ಎರಡನ್ನೂ ಒಂದೇ ಓಟದಲ್ಲಿ ಸಾಧಿಸಲು ಹೋಗಬೇಡಿ. ಹೆಚ್ಚಿನವರು ದಿನಾ ಒಂದೇ ವೇಗದಲ್ಲಿ, ಸ್ವಲ್ಪ ಏದುಸಿರು ಬಿಡುತ್ತಾ ಓಡುತ್ತಾರೆ. ಮೈ ಸುಧಾರಿಸಿಕೊಳ್ಳುವಷ್ಟು ಅದು ನಿಧಾನವಲ್ಲ, ವೇಗ ಬೆಳೆಸುವಷ್ಟು ಜೋರೂ ಅಲ್ಲ. ಎರಡು ತಿಂಗಳಲ್ಲಿ ಮಂಡಿ ನೋವು. ಆಮೇಲೆ "ಓಟ ನನಗಾಗುವುದಲ್ಲ" ಎಂದು ಶೂ ಕಪಾಟು ಸೇರುತ್ತದೆ.

ನಿಧಾನವಾದ ದೀರ್ಘ ಓಟದಲ್ಲಿ ಹೃದಯ ಪ್ರತಿ ಬಡಿತಕ್ಕೂ ಹೆಚ್ಚು ರಕ್ತ ನೂಕಲು ಕಲಿಯುತ್ತದೆ. ಸ್ನಾಯುಗಳಲ್ಲಿ ಸಣ್ಣ ರಕ್ತನಾಳಗಳು ಹೆಚ್ಚುತ್ತವೆ, ದೇಹ ಕೊಬ್ಬನ್ನು ಇಂಧನವಾಗಿ ಬಳಸುವುದನ್ನು ರೂಢಿಸಿಕೊಳ್ಳುತ್ತದೆ. ಶ್ವಾಸ ಬೇಗ ಪಳಗುತ್ತದೆ, ಮೂಳೆ ಮತ್ತು ಸ್ನಾಯುರಜ್ಜುಗಳಿಗೆ ತಿಂಗಳುಗಳೇ ಬೇಕು. ಅದಕ್ಕೇ ದೂರವನ್ನು ವಾರಕ್ಕೆ ಒಂದು ಕಿಲೋಮೀಟರಿನಂತೆ ಏರಿಸಿ, ನಾಲ್ಕನೇ ವಾರ ಇಳಿಸಿ.

ನ್ಯೂಜಿಲೆಂಡಿನ ಪೀಟರ್ ಸ್ನೆಲ್ 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಗೆದ್ದದ್ದು 800 ಮೀಟರ್, ಎರಡು ನಿಮಿಷದೊಳಗೆ ಮುಗಿಯುವ ಓಟ. ಆದರೂ ಅವರ ಕೋಚ್ ಆರ್ಥರ್ ಲಿಡಿಯಾರ್ಡ್ ಅವರನ್ನು ಗುಡ್ಡಗಾಡಿನಲ್ಲಿ ಸುಮಾರು 35 ಕಿಲೋಮೀಟರ್ ಓಡಿಸುತ್ತಿದ್ದರು. ವೇಗದ ಓಟಗಾರನಿಗೂ ಅಡಿಪಾಯ ದೂರದ್ದೇ.

ದೀರ್ಘ ಓಟದ ವೇಗ ತಿಳಿಯಲು ದುಬಾರಿ ವಾಚು ಬೇಡ. ಪಕ್ಕದವಳಿಗೆ ಊರಿನ ಸುದ್ದಿಯನ್ನು ಪೂರ್ತಿ ವಾಕ್ಯಗಳಲ್ಲಿ ಹೇಳಲಾಗಬೇಕು. ಮಾತು ತುಂಡಾದರೆ ವೇಗ ಇಳಿಸಿ. ಅಕ್ಟೋಬರಿನ ಸೆಕೆಯಲ್ಲಿ ಇನ್ನಷ್ಟು ನಿಧಾನವಾಗುತ್ತದೆ, ಆಗಲಿ.

ವೇಗದ ಓಟ ವಾರಕ್ಕೆ ಒಂದೇ ದಿನ ಸಾಕು. 1930ರ ದಶಕದಲ್ಲಿ ಸ್ವೀಡನ್ನಿನ ಕೋಚ್ ಯೋಸ್ಟಾ ಹೋಲ್ಮೆರ್ 'ಫಾರ್ಟ್‌ಲೆಕ್' ರೂಪಿಸಿದರು. ಹಾಗೆಂದರೆ ವೇಗದ ಆಟ. ಮರೀನ್ ಡ್ರೈವ್‌ನಲ್ಲಿ ಎರಡು ದೀಪದ ಕಂಬದವರೆಗೆ ಜೋರಾಗಿ, ಮುಂದಿನ ಎರಡು ಕಂಬ ಆರಾಮವಾಗಿ ಓಡಿ, ಅಷ್ಟೇ. ಮೊದಲು ಹತ್ತು ನಿಮಿಷ ಮೈ ಬಿಸಿ ಮಾಡಿಕೊಳ್ಳಿ.

ಹಾಫ್ ಮ್ಯಾರಥಾನಿಗೆ ಒಂದು ಮಾದರಿ ವಾರ: ಮಂಗಳವಾರ 6 ಕಿಲೋಮೀಟರ್, ಅದರಲ್ಲಿ 400 ಮೀಟರಿನ ಆರು ವೇಗದ ಸುತ್ತು. ಗುರುವಾರ 7, ಶನಿವಾರ 4, ಎರಡೂ ಆರಾಮವಾಗಿ. ಭಾನುವಾರ 14. ಒಟ್ಟು 31 ಕಿಲೋಮೀಟರಿನಲ್ಲಿ ಜೋರಾಗಿ ಓಡುವುದು ಎರಡೂವರೆಗಿಂತ ಕಡಿಮೆ. ವೇಗದ ದಿನ ಮತ್ತು ದೀರ್ಘ ಓಟದ ನಡುವೆ ಕನಿಷ್ಠ ಒಂದು ದಿನ ಬಿಡುವಿರಲಿ.

ಗೆಳತಿಯರೇ, ನಮ್ಮ ವಿಷಯ ಪ್ರತ್ಯೇಕವಾಗಿ ಹೇಳಲೇಬೇಕು. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 57 ಮಂದಿಗೆ ರಕ್ತಹೀನತೆ ಇದೆ. ಸುಸ್ತು ಬಿಡದಿದ್ದರೆ ಇನ್ನೂ ಜೋರಾಗಿ ಓಡಬೇಡಿ, ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಓಟ ಹೆಚ್ಚಿದ ಮೇಲೆ ಮುಟ್ಟು ನಿಂತರೆ "ಒಳ್ಳೇದೇ ಆಯ್ತು" ಅನ್ನಬೇಡಿ. ಊಟ ಸಾಲುತ್ತಿಲ್ಲ ಎಂಬ ಸೂಚನೆ ಅದಾಗಿರಬಹುದು, ಮೂಳೆಗೂ ಪೆಟ್ಟು. ವೈದ್ಯರನ್ನು ಕಾಣಿ.

ಇನ್ನು ವಿಶ್ರಾಂತಿ. ಓಟ ಮೈಯನ್ನು ದಣಿಸುತ್ತದೆ, ಬಲ ಬರುವುದು ಆಮೇಲಿನ ನಿದ್ದೆಯಲ್ಲಿ. ಬೆಳಿಗ್ಗೆ ನಾಲ್ಕೂವರೆಗೆ ಎದ್ದು, ರಾತ್ರಿ ಹನ್ನೊಂದರವರೆಗೆ ಅಡುಗೆಮನೆಯಲ್ಲಿ ನಿಂತರೆ ಯಾವ ವೇಳಾಪಟ್ಟಿಯೂ ಕೆಲಸ ಮಾಡುವುದಿಲ್ಲ. ಓಟವಿಲ್ಲದ ದಿನ ಮನೆಯೆಲ್ಲ ತೊಳೆದರೆ ಅದು ವಿಶ್ರಾಂತಿಯಲ್ಲ. ಭಾನುವಾರ ನೀವು ಓಡಿ ಬಂದಾಗ ದೋಸೆ ಹೊಯ್ಯುವವರು ಯಾರು ಎಂಬುದು ಶನಿವಾರವೇ ಮನೆಯಲ್ಲಿ ತೀರ್ಮಾನವಾಗಲಿ. ಅದೂ ತರಬೇತಿಯ ಭಾಗವೇ.

ಯಾರಾದರೂ ನಿಮ್ಮನ್ನು ದಾಟಿ ಹೋದರೆ ಹೋಗಲಿ ಬಿಡಿ. ನಿಮ್ಮ ಮಂಗಳವಾರ ಬೇರೆ, ನಿಮ್ಮ ಭಾನುವಾರ ಬೇರೆ. ಜನವರಿಯಲ್ಲಿ ಎಲ್ಲರೂ ನಗುತ್ತಾ ಗುರಿ ಮುಟ್ಟೋಣ.