ಕರೆಂಟು ಬರುವ ಹೊತ್ತು

ಮುಂಗಾರು ಹಿಡಿಯಿತೆಂದರೆ ಮಲೆನಾಡಿನಲ್ಲಿ ಕರೆಂಟಿಗೆ ಅರ್ಧ ರಜೆ. ಎಲ್ಲೋ ಲೈನಿನ ಮೇಲೆ ಮರ ಬೀಳುತ್ತದೆ, ಊರಿಗೆ ಊರೇ ಕತ್ತಲು. ಟಾರ್ಚಿಗೆ ಸೆಲ್ಲು ಹಾಕಿಡಿ, ಹಂಡೆಗೆ ನೀರು ತುಂಬಿಡಿ ಎಂದು ನಾನು ಹೇಳಿದರೆ ನೀವು ನಕ್ಕೀರಿ. ಕತ್ತಲೆಯ ಸಂಸಾರ ನಮಗೆಲ್ಲ ಗೊತ್ತು. ನನಗೆ ಅಂಜಿಕೆಯಿರುವುದು ಕರೆಂಟು ವಾಪಸು ಬರುವ ಹೊತ್ತಿನ ಬಗ್ಗೆ.

ನಾನೇ ಒಮ್ಮೆ ಅಂಗಿಗೆ ಇಸ್ತ್ರಿ ಹಾಕುತ್ತಿದ್ದಾಗ ಕರೆಂಟು ಹೋಯಿತು. ಪೆಟ್ಟಿಗೆಯನ್ನು ಅಂಗಿಯ ಮೇಲೇ ಬಿಟ್ಟು, ಬೇರೆ ಅಂಗಿ ತೊಟ್ಟು ಮದುವೆಮನೆಗೆ ಹೊರಟುಬಿಟ್ಟೆ. ಊಟದ ಪಂಕ್ತಿಯಲ್ಲಿ ನೆನಪಾಗಿ ಎದ್ದುಬಿದ್ದು ಓಡಿ ಬಂದರೆ, ಅಂಗಿಯ ಜೊತೆ ಮೇಜಿನ ಹಲಗೆಯೂ ಕರಿಕಾಗಿತ್ತು. ಮನೆ ಉಳಿದದ್ದು ಪುಣ್ಯ. ಅಂದಿನಿಂದ ಕರೆಂಟು ಹೋದ ಕೂಡಲೇ ಇಸ್ತ್ರಿ ಪೆಟ್ಟಿಗೆ, ಗೀಸರು, ಮಿಕ್ಸಿ, ಪಂಪು ಎಲ್ಲದರ ಸ್ವಿಚ್ಚು ಆರಿಸುತ್ತೇನೆ. ಬಂದದ್ದು ತಿಳಿಯಲು ಜಗಲಿಯ ಒಂದು ಬಲ್ಬು ಸಾಕು.

ಫ್ರಿಜ್ಜಿನ ಬಾಗಿಲು ಮುಚ್ಚಿಯೇ ಇದ್ದರೆ ಒಳಗಿನ ತಂಪು ಸುಮಾರು 4 ಗಂಟೆ ಉಳಿಯುತ್ತದೆ. ಹಾಲು ಒಡೆಯಿತೋ ಎಂದು ಗಳಿಗೆಗೊಮ್ಮೆ ತೆರೆದು ನೋಡುವುದರಿಂದಲೇ ಹಾಲು ಬೇಗ ಒಡೆಯುವುದು! ಕರೆಂಟು ಬಂದ ಮೇಲೂ ಐದು ನಿಮಿಷ ತಡೆದು ಫ್ರಿಜ್ಜು ಹಾಕಿ. ಕಂಪ್ರೆಸರಿನೊಳಗಿನ ಒತ್ತಡ ಇಳಿಯಬೇಕು, ಬಂದ ಕರೆಂಟೂ ನಿಲ್ಲುತ್ತದೋ ಇಲ್ಲವೋ ನೋಡಬೇಕು.

ಕೆಲವೊಮ್ಮೆ ಬಲ್ಬು ಕಣ್ಣು ಕುಕ್ಕುವಂತೆ ಉರಿಯುತ್ತದೆ, ಫ್ಯಾನು ಭರ್ರೆನ್ನುತ್ತದೆ. ಒಳ್ಳೇ ವೋಲ್ಟೇಜು ಬಂತೆಂದು ಹಿಗ್ಗಬೇಡಿ. ನ್ಯೂಟ್ರಲ್ ತಂತಿ ಕಡಿದಿರಬಹುದು. ಆಗ 230 ವೋಲ್ಟು ಬರಬೇಕಾದ ಮನೆಗೆ 400ರ ಸಮೀಪ ನುಗ್ಗಬಲ್ಲದು. ಮೊದಲು ಮೇನ್ ಸ್ವಿಚ್ಚು ಆರಿಸಿ.

ಇನ್ನು ತೋಟದಲ್ಲಿ ಕಡಿದುಬಿದ್ದ ತಂತಿ. ಊರಲ್ಲಿ ಕರೆಂಟಿಲ್ಲ, ಹಾಗಾಗಿ ಇದರಲ್ಲೂ ಇಲ್ಲ ಎಂಬ ಲೆಕ್ಕ ಬೇಡ. ಯಾವ ಗಳಿಗೆಯಲ್ಲಾದರೂ ಲೈನು ಚಾರ್ಜ್ ಆಗಬಹುದು. ಮುಟ್ಟದೆಯೂ ಅದು ಕೊಲ್ಲುತ್ತದೆ. ತಂತಿ ತಾಗಿದಲ್ಲಿಂದ ವಿದ್ಯುತ್ತು ಒದ್ದೆ ನೆಲದಲ್ಲಿ ಹರಡುತ್ತ, ದೂರ ಹೋದಂತೆ ಅದರ ವೋಲ್ಟೇಜು ಇಳಿಯುತ್ತದೆ. ಒಂದು ಕಾಲು ಹತ್ತಿರ, ಇನ್ನೊಂದು ದೂರ ಇದ್ದರೆ ಆ ವ್ಯತ್ಯಾಸವೇ ಮೈಯೊಳಗೆ ಕರೆಂಟು ಹರಿಸುತ್ತದೆ. ದನಗಳ ಮುಂಗಾಲು ಹಿಂಗಾಲುಗಳ ನಡುವಿನ ಅಂತರ ಹೆಚ್ಚು. ಮನುಷ್ಯ ಬದುಕಿದ ಜಾಗದಲ್ಲಿ ದನ ಸಾಯುವುದು ಅದಕ್ಕೇ. ಅಂಥ ತಂತಿಯ ಹತ್ತಿರ ಸಿಕ್ಕಿಕೊಂಡರೆ ದಾಪುಗಾಲು ಹಾಕಿ ಓಡಬೇಡಿ. ಎರಡೂ ಪಾದ ಜೋಡಿಸಿ, ನೆಲದಿಂದ ಎತ್ತದೆ ಇಷ್ಟಿಷ್ಟೇ ಸರಿದು ಆಚೆ ಬನ್ನಿ. ದನಕರು, ಮಕ್ಕಳನ್ನು ದೂರ ಇಟ್ಟು ವಿದ್ಯುತ್ ಸಹಾಯವಾಣಿ 1912ಕ್ಕೆ ಫೋನು ಮಾಡಿ.

ಜನರೇಟರ್ ಇಟ್ಟವರಿಗೆ ಎರಡು ಮಾತು. ಅದು ಮನೆಯ ಹೊರಗೆ, ಕಿಟಕಿ ಬಾಗಿಲುಗಳಿಂದ ದೂರವೇ ಇರಲಿ. ಅದರ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ಮಲಗಿದವರಿಗೆ ಎಚ್ಚರವೇ ಆಗುವುದಿಲ್ಲ. ಎರಡನೆಯದು, ಅದರ ವೈರನ್ನು ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿ ಇಡೀ ಮನೆಗೆ ಬೆಳಕು ಮಾಡುವ ಜಾಣತನ. ಹಾಗೆ ಕೊಟ್ಟ ಕರೆಂಟು ಮೀಟರು ದಾಟಿ ಟಿ.ಸಿ.ಗೆ, ಅಂದರೆ ಟ್ರಾನ್ಸ್‌ಫಾರ್ಮರಿಗೆ, ಹೋಗುತ್ತದೆ. ನಮಗೆ 11,000 ವೋಲ್ಟನ್ನು ಇಳಿಸಿ ಕೊಡುವ ಅದೇ ಟಿ.ಸಿ. ಹಿಮ್ಮುಖವಾಗಿ 230ನ್ನು 11,000ಕ್ಕೆ ಏರಿಸಬಲ್ಲದು. ಲೈನು ಸತ್ತಿದೆಯೆಂದು ನಂಬಿ, ಮಳೆಯಲ್ಲಿ ಕಂಬ ಹತ್ತಿದ ಲೈನ್‌ಮನ್ ಆ ಹೊತ್ತಿಗೆ ತಂತಿಗೆ ಕೈ ಹಾಕಿರುತ್ತಾನೆ. ಜನರೇಟರಿನಿಂದ ಮನೆಗೆ ಕರೆಂಟು ಬೇಕೇ ಬೇಕೆಂದರೆ, ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನನ್ನು ಕರೆಸಿ ಚೇಂಜ್‌ಓವರ್ ಸ್ವಿಚ್ಚು ಹಾಕಿಸಿಕೊಳ್ಳಿ. ಅದನ್ನು ಈ ಮಳೆ ಜೋರಾಗುವ ಮೊದಲೇ ಮಾಡಿಸಿ.